ಲೀಲಕ್ಕ ಸರಿಯಾದ ಲೆಕ್ಕ ಹೇಳಿದ ವರ್ಷ

ಕಳೆದ ವಾರ ಕಟಪಾಡಿಯಲ್ಲಿ ಉಡುಪಿ ಬಸ್ಸು ಹತ್ತಿದೆ. ಮೊದಲು ಮೂಗಿಗೆ ಬಂದದ್ದು ಒದ್ದೆ ಬಾಳೆನಾರಿನ ವಾಸನೆ. ಮಲ್ಲಿಗೆಯ ಪರಿಮಳ ಯಾರಿಗೆ ಬೇಕಾದರೂ ಗೊತ್ತಾಗುತ್ತದೆ. ಅದನ್ನು ಕಟ್ಟಿದ ನಾರಿನ ಹಸಿ, ಸ್ವಲ್ಪ ಹುಳಿ ವಾಸನೆ ಗೊತ್ತಾಗಬೇಕಾದರೆ ಒಂದು ವರ್ಷವಾದರೂ ಹೂವಿನ ಕಟ್ಟುಗಳ ನಡುವೆ ಕೂತಿರಬೇಕು. ನಾನು ಕೂತಿದ್ದೇನೆ. ತಲೆ ಎತ್ತಿ ನೋಡಿದರೆ ಎರಡನೇ ಸೀಟಿನಲ್ಲಿ ಲೀಲಕ್ಕ, ತೊಡೆಯ ಮೇಲೆ ಬಾಳೆಲೆಯಲ್ಲಿ ಸುತ್ತಿದ ಹೂವಿನ ದೊಡ್ಡ ಕಟ್ಟು. ಅವರು ನನ್ನನ್ನು ನೋಡಿದರು, ತಲೆ ಆಡಿಸಿದರು, ಆಚೆ ತಿರುಗಿದರು. ನಾನು ಅವರ ಹಿಂದಿನ ಸೀಟಿನಲ್ಲಿ ಕೂತೆ.

ಇಷ್ಟರಲ್ಲಿ ಬರೆಯುವಂಥದ್ದು ಎಂತ ಉಂಟು ಅಂತ ನಿಮಗೆ ಅನಿಸಬಹುದು. ಉಂಟು. ಈ ಲೀಲಕ್ಕ ನನ್ನ ಅಮ್ಮನ ಗೆಳತಿ, ನನ್ನ ಮದುವೆಯ ದಿನ ನನ್ನ ಜಡೆಗೆ ಹೂವು ಮುಡಿಸಿದವರು. ಮೂರು ಚೆಂಡು ಮಲ್ಲಿಗೆ ಅಂತ ಹೇಳಿ ಐದು ಚೆಂಡು ತಂದಿದ್ದರು. ಅಂಥವರು ಈಗ ಬಸ್ಸಿನಲ್ಲಿ ನನಗೆ ಬರೀ ತಲೆ ಆಡಿಸುತ್ತಾರೆ. ತಪ್ಪು ನನ್ನದೇ. ಅದನ್ನು ಇವತ್ತು ಹೇಳಿಬಿಡುತ್ತೇನೆ.

ಮೊದಲು ನನ್ನ ಬಗ್ಗೆ. ಹದಿನಾಲ್ಕು ವರ್ಷ ಮಣಿಪಾಲದ ಒಂದು ಲಾಡ್ಜಿನ ರಿಸೆಪ್ಷನ್ನಿನಲ್ಲಿ ಕೂತವಳು ನಾನು. ಕಾಲೇಜಿಗೆ ಮಕ್ಕಳನ್ನು ಸೇರಿಸುವ ತಿಂಗಳಲ್ಲಿ ಒಂದು ದರ, ಮಕ್ಕಳು ಊರಿಗೆ ಹೋದ ತಿಂಗಳಲ್ಲಿ ಇನ್ನೊಂದು. ಅದೇ ಕೋಣೆ, ಅದೇ ಮಂಚ, ಅದೇ ಸೋರುವ ನಲ್ಲಿ. ತಾರೀಕು ಮಾತ್ರ ಬೇರೆ. ಇನ್ನೊಂದು ವಿದ್ಯೆಯನ್ನೂ ಅಲ್ಲೇ ಕಲಿತೆ: ಯಾರು ಯಾವ ಸಂಖ್ಯೆ ಹೇಳಿದರೂ ನಂಬಬಾರದು. "ಇಬ್ಬರೇ ಮೇಡಂ" ಅಂತ ಫೋನಿನಲ್ಲಿ ಹೇಳಿದವರು ಕಾರಿನಿಂದ ಇಳಿಯುವಾಗ ಐದು ಜನ ಇರುತ್ತಿದ್ದರು, ಅದರಲ್ಲಿ ಒಬ್ಬರು ಅಜ್ಜಿ. ಹದಿನಾಲ್ಕು ವರ್ಷ ಹೀಗೆ ಜನರನ್ನು ಎಣಿಸಿ ಎಣಿಸಿ ನನ್ನ ಕಣ್ಣಿಗೆ ಅದೇ ಚಟ ಆಗಿತ್ತು.

ಲಾಡ್ಜು ಕೈ ಬದಲಾದಾಗ ಕೆಲಸ ಬಿಟ್ಟೆ. ಕಾಪುವಿನ ಜೊಹರಾ ನನ್ನ ಜೊತೆ ಟೈಪಿಂಗ್ ಕಲಿತವಳು. ಅವಳ ಗಂಡ ದುಬೈಯಲ್ಲಿ, ಮಕ್ಕಳು ದೊಡ್ಡವರು, ಅವಳಿಗೂ ಕೈ ಖಾಲಿ. ಇಬ್ಬರೂ ಸೇರಿ ಕಟಪಾಡಿಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಕೋಣೆ ಹಿಡಿದು ಆನ್‌ಲೈನಿನಲ್ಲಿ ಮಲ್ಲಿಗೆ ಮಾರಲು ಶುರು ಮಾಡಿದೆವು. ಕಂಪ್ಯೂಟರ್ ನನ್ನದು, ಪ್ಯಾಕಿಂಗ್ ಅವಳದು, ಹೂವು ಲೀಲಕ್ಕನದು. ಕಟಪಾಡಿಯಿಂದ ಒಳಗೆ ಅವರ ತೋಟ. ಅವರು ತಮ್ಮ ಹೂವಿನ ಜೊತೆ ಅಕ್ಕಪಕ್ಕದ ನಾಲ್ಕು ಮನೆಯ ಹೂವನ್ನೂ ಒಟ್ಟು ಮಾಡಿ ತರುತ್ತಿದ್ದರು. ಬೇರೆ ಯಾವ ಬೆಳೆಗಾರರೂ ನಮ್ಮ ಮಾತು ಕೇಳಿರಲಿಲ್ಲ. "ಮೊಬೈಲಲ್ಲಿ ಹೂವು ಮಾರುದಾ? ಪರಿಮಳ ಹೇಗೆ ತೋರಿಸ್ತೀರಿ?" ಎಂದು ನಕ್ಕಿದ್ದರು. ಲೀಲಕ್ಕ ಕೈ ಬಿಟ್ಟರೆ ನಮ್ಮ ಅಂಗಡಿ ಇಲ್ಲ. ಇದು ಮೊದಲ ದಿನದಿಂದಲೂ ನನಗೆ ಗೊತ್ತಿತ್ತು.

ಮಲ್ಲಿಗೆಗೆ ನಮ್ಮಲ್ಲಿ ದಿನಕ್ಕೊಂದು ದರ. ಇವತ್ತು ಹೂವು ಎಷ್ಟು ಬಂತು, ಎಷ್ಟು ಮದುವೆ ಉಂಟು ಅಂತ ನೋಡಿ ಹೂವಿನ ಸಂತೆಕಟ್ಟೆಯಲ್ಲಿ ವ್ಯಾಪಾರಸ್ಥರು ಒಂದು ದರ ಹೇಳುತ್ತಾರೆ, ಊರಿಡೀ ಅದನ್ನೇ ಒಪ್ಪುತ್ತದೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆದರೆ ಆನ್‌ಲೈನಿನಲ್ಲಿ ತಗೊಳ್ಳುವವರಿಗೆ ಹದಿನೈದು ದಿನ ಮೊದಲೇ ದರ ಗೊತ್ತಾಗಬೇಕು. ಮದುವೆ ಇವತ್ತು ನಿಶ್ಚಯ ಮಾಡಿ ಇವತ್ತೇ ಮಾಡುವುದಿಲ್ಲವಲ್ಲ. ಹಾಗಾಗಿ ನಾನು ಲಾಡ್ಜಿನ ವಿದ್ಯೆಯನ್ನು ಹೂವಿಗೆ ತಂದೆ. ವೆಬ್‌ಸೈಟಿನಲ್ಲಿ ಕ್ಯಾಲೆಂಡರ್ ಇಟ್ಟೆ. ತಾರೀಕು ಒತ್ತಿದರೆ ಆ ದಿನದ ದರ ಬರುತ್ತದೆ. ಅಡಿಪಾಯ ಕಟ್ಟೆಯ ದರ, ಅದರ ಮೇಲೆ ನನ್ನ ನಿಯಮಗಳು. ಪಂಚಾಂಗದಲ್ಲಿ ಮುಹೂರ್ತ ಇರುವ ದಿನ ದರ ಏರಬೇಕು. ಕೊನೆಯ ಮೂರು ದಿನಕ್ಕೆ ಓಡಿ ಬಂದವರಿಗೆ ಸ್ವಲ್ಪ ಜಾಸ್ತಿ. ಎಲ್ಲಕ್ಕಿಂತ ದೊಡ್ಡದು, ಒಂದು ದಿನಕ್ಕೆ ಉಳಿದ ಹೂವು ಕಡಿಮೆಯಾದ ಹಾಗೆ ದರ ತಾನಾಗಿಯೇ ಮೇಲೆ ಹೋಗಬೇಕು. ಯಾವ ದಿನಕ್ಕೆ ಎಷ್ಟು ಅಟ್ಟೆ ಸಿಗಬಹುದು ಎಂದು ಮೊಗ್ಗು ನೋಡಿ ಹೇಳುವವರು ಲೀಲಕ್ಕ. ಅವರ ಮೊಬೈಲಿಗೇ ಒಂದು ಪುಟ ಹಾಕಿಕೊಟ್ಟೆ. ಅವರು ಅಲ್ಲಿ ಸಂಖ್ಯೆ ಒತ್ತಿದರೆ ಇಲ್ಲಿ ದರ ಹತ್ತುತ್ತದೆ, ಇಳಿಯುತ್ತದೆ. ನನಗೆ ಹೆಮ್ಮೆಯೋ ಹೆಮ್ಮೆ.

ಪಗ್ಗು ತಿಂಗಳು ಬಂತು. ಏಪ್ರಿಲ್ ಮಧ್ಯದಿಂದ ನಮ್ಮ ತುಳುನಾಡಿನಲ್ಲಿ ಮದುವೆ ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಸೆಕೆ ಎಂದರೆ ಸೆಕೆ. ಮೇಲಿನ ಕೋಣೆಯ ಶೀಟು ಕಾದು, ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ಜೊಹರಾ ಹೂವಿನ ಕಟ್ಟುಗಳ ಮೇಲೆ ನೀರು ಚಿಮುಕಿಸಿ ಚಿಮುಕಿಸಿ, ಕೊನೆಗೆ ನನ್ನ ಮೇಲೂ ಚಿಮುಕಿಸುತ್ತಿದ್ದಳು. ಆರ್ಡರುಗಳು ಬರುತ್ತಿದ್ದವು. ಅದರ ಜೊತೆಗೆ ಸಂಶಯವೂ ಬರತೊಡಗಿತು.

ಮೊದಲ ಸಂಶಯ ಜೊಹರಾಳ ಮೇಲೆಯೇ. ಒಂದು ಭಾನುವಾರ ಪಂಚಾಂಗದಲ್ಲಿ ಮುಹೂರ್ತ ಇಲ್ಲ, ನಾನು ಏರಿಕೆ ಹಾಕಿಲ್ಲ, ಆದರೂ ದರ ಆಕಾಶದಲ್ಲಿ. ಪಾಸ್‌ವರ್ಡ್ ಗೊತ್ತಿರುವುದು ನಮ್ಮಿಬ್ಬರಿಗೆ. ಎರಡು ದಿನ ಅವಳನ್ನು ಕಣ್ಣಿನ ಕೊನೆಯಿಂದ ನೋಡಿದೆ. ಮೂರನೇ ದಿನ ಬಾಯಿಬಿಟ್ಟೆ.

"ಜೊಹರಾ, ಆ ಭಾನುವಾರಕ್ಕೆ ನೀನು ಎಂತಾದ್ರೂ ಮಾಡಿದ್ಯಾ?"

ಅವಳು ಕತ್ತರಿ ಕೆಳಗಿಟ್ಟಳು. "ಶಶಿಯಕ್ಕ, ಕಾಪುವಿನಲ್ಲಿ ಆ ದಿನ ಮೂರು ನಿಖಾ ಉಂಟು. ಮೂರು ಮನೆಯವರೂ ನಿಮ್ಮ ವೆಬ್‌ಸೈಟಲ್ಲೇ ಹೂವು ತಗೊಂಡಿದ್ದಾರೆ. ಖಾಲಿ ಆಯ್ತು, ಏರಿತು. ನಿಮ್ಮ ಪಂಚಾಂಗದಲ್ಲಿ ನಮ್ಮ ಮದುವೆ ಬರೆದಿರ್ತಾರಾ?"

ನಕ್ಕೆವು. ನಾನು ನಾಚಿಕೆಯಿಂದ, ಅವಳು ನನ್ನನ್ನು ನೋಡಿ. ಬುದ್ಧಿ ಬರಬೇಕಿತ್ತು ಅಲ್ವಾ? ಬರಲಿಲ್ಲ.

ಮೇ ತಿಂಗಳಲ್ಲಿ ಕಾರ್ಕಳದ ಒಬ್ಬರು ಟೀಚರ್, ರಿಟೈರ್ ಆದವರು, ಮಗಳ ಮದುವೆಗೆ ಭಾನುವಾರಕ್ಕೆಂದು ಆರು ಅಟ್ಟೆ ಬುಕ್ ಮಾಡಿದರು. ಮದುವೆಗೆ ಇನ್ನೂ ಐದು ದಿನ ಇರುವಾಗ ಫೋನ್.

"ನಿಮ್ಮ ಅಂಗಡಿಗೆ ಬಾಯಿ ಎಷ್ಟು ಉಂಟು ಮಾರಾಯ್ರೆ? ನಿನ್ನೆ ಒಂದು ದರ, ಇವತ್ತು ಇನ್ನೂ ಮೂರು ಅಟ್ಟೆ ಬೇಕು ಅಂತ ನೋಡಿದ್ರೆ ಬೇರೆ ದರ! ನಮ್ಮ ಯಜಮಾನ್ರ ಮೊಬೈಲಲ್ಲಿ ನೋಡಿದೆ, ಮಗನ ಮೊಬೈಲಲ್ಲಿ ನೋಡಿದೆ. ಹುಡುಗಿಯ ಅಮ್ಮ ಅಂತ ಗೊತ್ತಾಗಿ ಏರಿಸುದಾ?"

"ಇಲ್ಲ ಟೀಚರ್, ಹೂವು ಖಾಲಿ ಆಗ್ತಾ ಬಂದ ಹಾಗೆ..."

"ಎಲ್ಲಿ ಖಾಲಿ? ಮಲ್ಲಿಗೆ ಗಿಡಕ್ಕೆ ಎಂತ ಬರಗಾಲವಾ? ನಾನು ಮೂವತ್ತು ವರ್ಷ ಮಕ್ಕಳ ಕಾಪಿ ಹಿಡಿದವಳು. ನೀವು ಎಂತದೋ ಮಾಡ್ತಾ ಇದ್ದೀರಿ."

ಬೈಗುಳ ನನಗೆ ಹೊಸತಲ್ಲ. ಆದರೆ ಆ ಕೊನೆಯ ಮಾತು ಕಿವಿಯಲ್ಲಿ ಉಳಿಯಿತು. ವೆಬ್‌ಸೈಟಿನಲ್ಲಿ ಯಾರು ಯಾವ ಹೊತ್ತಿಗೆ ಎಂತ ಬದಲಾಯಿಸಿದರು ಎಂದು ತೋರಿಸುವ ಪಟ್ಟಿಯೊಂದು ಉಂಟು. ತೆಗೆದು ನೋಡಿದೆ. ಟೀಚರಿನ ಆರು ಕಳೆದು ಭಾನುವಾರಕ್ಕೆ ಏಳು ಅಟ್ಟೆ ಉಳಿದಿತ್ತು. ಬೇರೆ ಯಾರೂ ತಗೊಂಡಿಲ್ಲ. ಆದರೂ ಆ ಏಳು ನಾಲ್ಕಾಗಿದೆ. ಬದಲಾಯಿಸಿದ್ದು ಲೀಲಕ್ಕನ ಮೊಬೈಲಿನಿಂದ. ಹಿಂದಿನ ವಾರ ನೋಡಿದೆ, ಅಲ್ಲಿಯೂ ಹಾಗೆಯೇ. ಮಾರಾಟ ಇಲ್ಲದೆ ಸಂಖ್ಯೆ ಇಳಿದಿದೆ, ಸಂಖ್ಯೆ ಇಳಿದಂತೆ ದರ ಏರಿದೆ.

ನನ್ನ ತಲೆಯಲ್ಲಿ ಲಾಡ್ಜಿನ ಗಂಟೆ ಹೊಡೆಯಿತು. ದರ ಏರಿಸಲಿಕ್ಕೇ ಕಡಿಮೆ ಹೇಳುತ್ತಿದ್ದಾರೆ. ಉಳಿದ ಹೂವನ್ನು ಬೇರೆ ಕಡೆಗೆ ಕೊಡುತ್ತಿದ್ದಾರೆ.

ಬುಧವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿ, ದುಪ್ಪಟ್ಟವನ್ನು ಮುಖಕ್ಕೆ ಸುತ್ತಿ, ಸ್ಕೂಟರಿನಲ್ಲಿ ಅವರ ತೋಟದ ಹಿಂದಿನ ಓಣಿಗೆ ಹೋದೆ. ಬೇಲಿಯ ಆಚೆ ಸಾಲು ಸಾಲು ಗಿಡ, ಪ್ರತಿ ಗಿಡದ ತುದಿಯಲ್ಲಿ ಅಕ್ಕಿ ಚೆಲ್ಲಿದ ಹಾಗೆ ಎಳೆ ಮೊಗ್ಗು. ಭಾನುವಾರಕ್ಕೆ ಸರಿಯಾಗಿ ಬಲಿಯುವಂಥವು. ಬೆರಳು ಮಡಿಚಿ ಒಂದು ಗಿಡದ ಮೊಗ್ಗು ಎಣಿಸಿದೆ, ಸಾಲಿಗೆ ಎಷ್ಟು ಗಿಡ ಎಂದು ಎಣಿಸಿದೆ, ಗುಣಿಸಿದೆ. ನಾಲ್ಕು ಅಟ್ಟೆಯಂತೆ! ಹನ್ನೆರಡು ಮೊಳ ನಾಲಗೆ ಇದ್ದರೂ ಆ ತೋಟ ನೋಡಿ ನಾಲ್ಕು ಅಟ್ಟೆ ಎಂದು ಹೇಳಲಿಕ್ಕೆ ಆಗುವುದಿಲ್ಲ. ಪಕ್ಕದ ಮನೆಯ ಹೆಂಗಸು ಬಾವಿಕಟ್ಟೆಯಿಂದ ನನ್ನನ್ನೇ ನೋಡುತ್ತಿದ್ದಳು. ಸ್ಕೂಟರ್ ಸ್ಟಾರ್ಟ್ ಮಾಡಿ ಬಂದುಬಿಟ್ಟೆ.

ಮಧ್ಯಾಹ್ನ ಪಟ್ಟಿ ತೆಗೆದರೆ ನಾಲ್ಕು ಇದ್ದದ್ದು ಒಂದಾಗಿತ್ತು. ದರ ಎಲ್ಲಿಗೋ ಹಾರಿತ್ತು. ಟೀಚರ್ ಅದರ ಫೋಟೋ ಹಿಡಿದು ಅವರ ಊರಿನ ವಾಟ್ಸಾಪ್ ಗುಂಪಿಗೆ ಹಾಕಿಯೂ ಆಗಿತ್ತು.

"ನೀವು ಲೀಲಕ್ಕನನ್ನು ಕೇಳಿ ಶಶಿಯಕ್ಕ, ಬೈಬೇಡಿ," ಎಂದಳು ಜೊಹರಾ. "ನನಗೆ ಕೇಳಿದ್ರಲ್ಲ, ಹಾಗೆ ಕೇಳಿ."

ಗುರುವಾರ ಲೀಲಕ್ಕ ಕಟ್ಟು ಹೊತ್ತು ಮೆಟ್ಟಿಲು ಹತ್ತಿ ಬಂದರು. ಸೆರಗಿನಿಂದ ಮುಖ ಒರೆಸಿಕೊಂಡು ಫ್ಯಾನಿನ ಕೆಳಗೆ ಕೂತರು. ಹೂವು ತಗೊಳ್ಳಲು ಬಂದ ಇಬ್ಬರು ಹೆಂಗಸರೂ ಅಲ್ಲೇ ಇದ್ದರು. ಅವರು ಹೋಗುವವರೆಗೆ ತಡೆಯಬಹುದಿತ್ತು. ನಾನು ತಡೆಯಲಿಲ್ಲ.

"ಲೀಲಕ್ಕ, ಭಾನುವಾರದ ಹೂವು ಎಲ್ಲಿಗೆ ಹೋಗ್ತಾ ಉಂಟು?"

"ಎಲ್ಲಿಗೆ ಹೋಗುದು ಮಗಾ? ಗಿಡದಲ್ಲಿ ಉಂಟು."

"ಗಿಡದಲ್ಲಿ ಎಷ್ಟು ಉಂಟು ಅಂತ ನನಗೂ ಗೊತ್ತುಂಟು. ಮತ್ತೆ ಒಂದು ಅಂತ ಯಾಕೆ ಹಾಕಿದ್ರಿ? ಕಡಿಮೆ ಹಾಕಿದ್ರೆ ದರ ಏರ್ತದೆ ಅಂತ ನಾನೇ ನಿಮಗೆ ಹೇಳಿಕೊಟ್ಟದ್ದು. ಇಲ್ಲಿ ದರ ಏರಿಸಿ, ಉಳಿದದ್ದನ್ನು ಹೊರಗೆ ಕೊಡುದಾ?"

ಲೀಲಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ನನ್ನನ್ನು ನೋಡಿದರು, ಜೊಹರಾಳನ್ನು ನೋಡಿದರು, ಆ ಇಬ್ಬರು ಹೆಂಗಸರನ್ನು ನೋಡಿದರು. ಆಮೇಲೆ ಮೆತ್ತಗೆ ಹೇಳಿದರು:

"ಮೊಗ್ಗು ಗಿಡದಲ್ಲಿ ಇರುವಾಗ ಇಷ್ಟು ಉಂಟು ಅಂತ ಹೇಳ್ಲಿಕ್ಕೆ ಉಂಟಾ? ದೃಷ್ಟಿ ಆಗುದಿಲ್ವಾ? ನಿನ್ನೆ ಬೇಲಿಯ ಹತ್ತಿರ ಯಾರೋ ಹೆಲ್ಮೆಟ್ ಹಾಕ್ಕೊಂಡು ನಿಂತು ಬೆರಳು ಮಡಿಚಿ ಎಣಿಸಿದ್ರಂತೆ. ಪಕ್ಕದ ಮನೆಯವಳು ಓಡಿ ಬಂದು ಹೇಳಿದ್ಳು. ಹೆದರಿಕೆಯಾಗಿ ಒಂದು ಅಂತ ಹಾಕಿದೆ."

ನನ್ನ ಹೆಲ್ಮೆಟ್ ನಮ್ಮಿಬ್ಬರ ನಡುವಿನ ಮೇಜಿನ ಮೇಲೆ ಇತ್ತು. ಕೆಂಪು ಬಣ್ಣದ್ದು, ಕಟಪಾಡಿಯಲ್ಲಿ ಅಂಥದ್ದು ಇನ್ನೊಂದಿಲ್ಲ. ತೆಗೆದು ಕೆಳಗಿಡಲು ಕೈ ಹೋಯಿತು, ಅರ್ಧಕ್ಕೆ ನಿಂತಿತು. ನಾನೇ ಅಂತ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನನ್ನ ಬಾಯಿ ನಿಮಗೆಲ್ಲ ಗೊತ್ತುಂಟು, ಯಾರಿಗೂ ಹೆದರುವ ಬಾಯಿ ಅಲ್ಲ. ಆ ದಿನ ಅದು ತೆರೆಯಲಿಲ್ಲ.

ಲೀಲಕ್ಕ ಹೆಲ್ಮೆಟ್ಟನ್ನು ನೋಡಿದರು. ತುಂಬಾ ಹೊತ್ತು ನೋಡಲಿಲ್ಲ. ಎದ್ದು ಸೆರಗು ಸರಿ ಮಾಡಿಕೊಂಡರು.

"ಸರಿ. ಇನ್ನು ಸರಿಯಾದ ಲೆಕ್ಕವೇ ಹಾಕ್ತೇನೆ. ನಿಮಗೆ ಅದು ಬೇಕಲ್ವಾ?"

ನಾನು ಹುಟ್ಟಿದಾಗಿನಿಂದ ನನಗೆ 'ನೀನು', 'ಮಗಾ' ಎನ್ನುತ್ತಿದ್ದವರು. ಅವತ್ತು 'ನಿಮಗೆ' ಎಂದರು. ಮೆಟ್ಟಿಲು ಇಳಿದು ಹೋದರು.

ಆ ಹೆಂಗಸರು ಹೋದ ಮೇಲೆ ಜೊಹರಾ ನನ್ನ ಮೇಲೆ ಹರಿಹಾಯ್ದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಅವರು ನಾಲ್ಕು ಅಂತ ಹಾಕಿದ ದಿನ ಎಷ್ಟು ತರ್ತಾರೆ ಗೊತ್ತುಂಟಾ ನಿಮಗೆ? ಏಳು. ಎರಡು ಅಂದ ದಿನ ಐದು. ಒಂದು ದಿನ ಒಂದು ಹೂವು ಹೊರಗೆ ಕೊಟ್ಟವರಲ್ಲ. ವೆಬ್‌ಸೈಟಲ್ಲಿ ಖಾಲಿ ಅಂತ ಬಂದವರು ನನಗೆ ಫೋನ್ ಮಾಡಿ ಅಳ್ತಾರಲ್ಲ, ಅವರಿಗೆಲ್ಲ ನಾನು ಎಲ್ಲಿಂದ ಕೊಟ್ಟೆ ಅಂತ ಮಾಡಿದ್ರಿ? ಅದೇ ಹೂವು. ಕಟ್ಟೆಯ ದರಕ್ಕೇ ಕೊಟ್ಟದ್ದು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳುವಂಥದ್ದು ಎಂತ ಉಂಟು ಅದರಲ್ಲಿ? ನೀವು ಎಲ್ಲಿಯವರು, ಈ ಊರಿನವರಲ್ವಾ?"

ಈ ಊರಿನವಳೇ. ಅದೇ ತಮಾಷೆ. ಪಡುಬಿದ್ರಿಯ ಕಡಲ ಬದಿಯಲ್ಲಿ ಬುಟ್ಟಿ ತುಂಬಿ ಮೀನು ಹೊರಗೆ ಚೆಲ್ಲುತ್ತಿದ್ದರೂ, ಎಷ್ಟು ಸಿಕ್ಕಿತು ಎಂದು ಕೇಳಿದರೆ "ದಾಲ ಇಜ್ಜಿ" ಎನ್ನುವವರನ್ನು ನೋಡಿ ಬೆಳೆದವಳು ನಾನು. ದಾಲ ಇಜ್ಜಿ ಅಂದರೆ ಎಂತದೂ ಇಲ್ಲ. ಗಲ್ಫಿನಿಂದ ಬಂದವರನ್ನು ಕೇಳಿ, ದಾಲ ಇಜ್ಜಿ, ಸಣ್ಣ ಕೆಲಸ. ನಾನು ಹತ್ತನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದಾಗ ನನ್ನ ಅಮ್ಮ ನೆರೆಮನೆಯವರಿಗೆ ಹೇಳಿದ್ದು "ಹೇಗೋ ಪಾಸಾದ್ಳು" ಎಂದು. ಇದ್ದದ್ದನ್ನು ಇದ್ದಷ್ಟು ಹೇಳುವುದಿಲ್ಲ ನಾವು. ಕಡಿಮೆ ಹೇಳುತ್ತೇವೆ, ಕೊಡುವಾಗ ಜಾಸ್ತಿ ಕೊಡುತ್ತೇವೆ. ಇಷ್ಟು ಗೊತ್ತಿದ್ದವಳು ಲೀಲಕ್ಕನ ಕೈಗೆ ಒಂದು ಪುಟ ಕೊಟ್ಟು, ಮೊಗ್ಗು ನೋಡಿ ಸಂಖ್ಯೆ ಒತ್ತಿ ಎಂದಿದ್ದೆ. ಅವರು ಬಾಯಿಯಲ್ಲಿ ಹೇಳುವುದನ್ನೇ ಬೆರಳಿನಲ್ಲಿ ಹೇಳಿದರು. ಯಾರಾದರೂ "ಎಂತ ಹೂವು ಮಾರಾಯ್ತಿ!" ಎಂದು ತೋಟ ಹೊಗಳಿದರೆ ಇನ್ನೂ ಕಡಿಮೆ ಮಾಡಿದರು. ಕಂಪ್ಯೂಟರಿಗೆ ದೃಷ್ಟಿ ಗೊತ್ತುಂಟಾ? ಹೂವಿಲ್ಲ ಎಂದು ನಂಬಿತು, ದರ ಏರಿಸಿತು. ನಾನೂ ಅದರ ಮಾತನ್ನೇ ನಂಬಿದೆ.

"ಮತ್ತೆ ಆ ಸ್ಕೂಟರು," ಜೊಹರಾ ಬಿಡಲಿಲ್ಲ. "ಅದರ ಸದ್ದು ಕೇಳಿದ್ರೇ ಇಡೀ ಕಟಪಾಡಿಗೆ ಗೊತ್ತಾಗ್ತದೆ. ಯಾರು ಅಂತ ಅವರಿಗೆ ಇಲ್ಲಿಗೆ ಬರುವ ಮೊದಲೇ ಗೊತ್ತಿತ್ತು. 'ಯಾರೋ' ಅಂತ ಹೇಳಿದ್ದು ನಿಮ್ಮ ಮರ್ಯಾದೆಗೆ."

ಸಂಜೆಯೊಳಗೆ ಲೀಲಕ್ಕನ ಮೊಬೈಲಿನಿಂದ ಭಾನುವಾರದ ಲೆಕ್ಕ ಬಂತು. ಉಳಿದದ್ದು ಒಂಬತ್ತು ಅಟ್ಟೆ, ಎರಡು ಚೆಂಡು. ನನ್ನ ವೆಬ್‌ಸೈಟು ಮೊದಲ ಸಲ ಸರಿಯಾಗಿ ಕೆಲಸ ಮಾಡಿತು. ದರ ಸರ್ರನೆ ಇಳಿಯಿತು. ಕಾರ್ಕಳದ ಟೀಚರ್ ಬೇಕಿದ್ದ ಇನ್ನೂ ಮೂರು ಅಟ್ಟೆ ಬುಕ್ ಮಾಡಿ ಫೋನ್ ಮಾಡಿದರು. ಖುಷಿಗೆ ಎಂದುಕೊಂಡೆ.

"ಇಷ್ಟು ಇಳಿಸ್ಲಿಕ್ಕೆ ಆಗ್ತದೆ ಅಂತಾದ್ರೆ ಮೊದಲು ಎಷ್ಟು ತಿಂತಾ ಇದ್ರಿ ನೀವು?"

ಸಂಶಯ ಒಮ್ಮೆ ಹತ್ತಿದರೆ ಏರಿದರೂ ಅದೇ, ಇಳಿದರೂ ಅದೇ. ಅವರನ್ನು ಬೈಯಲಿಕ್ಕೆ ನನಗೆ ಯೋಗ್ಯತೆಯೂ ಇರಲಿಲ್ಲ.

ಶನಿವಾರ ಸಂಜೆ ಗುಡುಗು. ಕಾರ್ಕಳದ ಕಡೆ ಮಿಂಚು, ಆಮೇಲೆ ಆ ವರ್ಷದ ಮೊದಲ ಮಳೆ. ಮೊಗ್ಗಿಗೆ ನೀರು ಕೂತರೆ ಹೂವು ಕಂದುತ್ತದೆ. ಲೀಲಕ್ಕನಿಗೆ ಫೋನ್ ಮಾಡಲು ಮೊಬೈಲ್ ಎತ್ತಿದೆ, ಇಟ್ಟೆ, ಎತ್ತಿದೆ. ಮಾಡಲಿಲ್ಲ. ಇದನ್ನೂ ಲೆಕ್ಕ ಕೇಳಲಿಕ್ಕೇ ಮಾಡಿದೆ ಎಂದು ತಿಳಿದುಕೊಂಡರೆ? ಅವರು ಬಾರದೇ ಇದ್ದರೆ ಎಂಬ ಹೆದರಿಕೆಯೂ ಇತ್ತು. ಭಾನುವಾರ ಬೆಳಿಗ್ಗೆ ಹೂವು ಬಂತು. ಒಂದು ಮೊಗ್ಗೂ ಕಂದಿರಲಿಲ್ಲ. ಬುಕ್ ಆದಷ್ಟು, ಹೇಳಿದಷ್ಟು, ಸರಿಯಾಗಿ. ಲೀಲಕ್ಕ ಮೇಲೆ ಹತ್ತಿ ಬರಲಿಲ್ಲ, ರಿಕ್ಷಾದಲ್ಲಿ ಕಳಿಸಿದ್ದರು.

ಆ ಹೂವು ಹಿಡಿದುಕೊಂಡು ನಾನೇ ಕಾರ್ಕಳಕ್ಕೆ ಹೋದೆ. ಮದುವೆ ಹಾಲಿನ ಹಿಂದಿನ ಕೋಣೆಯಲ್ಲಿ ಟೀಚರ್ ಕನ್ನಡಕ ಹಾಕಿಕೊಂಡು ಒಂದೊಂದೇ ಅಟ್ಟೆ ಎಣಿಸಿದರು. ಒಂಬತ್ತು. ಇನ್ನೊಮ್ಮೆ ಎಣಿಸಿದರು. ಆಮೇಲೆ ನನ್ನ ಖಾಲಿ ಬುಟ್ಟಿಯೊಳಗೆ ಬಗ್ಗಿ ನೋಡಿದರು.

"ಕೊಸರು ಎಂತ ಇಲ್ವಾ? ಮೊನ್ನೆ ನನ್ನ ತಂಗಿ ನಿಮ್ಮಲ್ಲಿ ತಗೊಂಡಾಗ ಮೇಲೆ ಒಂದು ಚೆಂಡು ಇತ್ತಂತೆ."

"ಇವತ್ತು ಇಲ್ಲ ಟೀಚರ್."

ಆ ಕೊಸರು ನಮ್ಮ ಅಂಗಡಿಯದ್ದು ಎಂದು ಜನ ತಿಳಿದಿದ್ದರು. ಅದು ಲೀಲಕ್ಕನದ್ದು. ವಾಪಸ್ ಬರುವಾಗ ದಾರಿಯುದ್ದಕ್ಕೂ ಬುಟ್ಟಿಯ ತಳದ ಒದ್ದೆ ನಾರಿನ ವಾಸನೆ ಬರುತ್ತಿತ್ತು. ಈಗಲೂ ಆ ವಾಸನೆ ಬಂದರೆ ನನಗೆ ಮದುವೆ ನೆನಪಾಗುವುದಿಲ್ಲ, ಆ ಖಾಲಿ ಬುಟ್ಟಿ ನೆನಪಾಗುತ್ತದೆ.

ಮರುದಿನ ಅವರ ಮನೆಗೆ ಹೋದೆ. ಹೆಲ್ಮೆಟ್ ಕೈಯಲ್ಲೇ ಹಿಡಿದುಕೊಂಡು, "ಲೀಲಕ್ಕ, ಅದು ನಾನೇ. ನನ್ನದು ತಪ್ಪಾಯ್ತು," ಎಂದೆ. "ಇರ್ಲಿ ಬಿಡಿ," ಎಂದರು. ಕೂರಲಿಕ್ಕೆ ಹೇಳಿದರು, ಬೆಲ್ಲ ನೀರು ಕೊಟ್ಟರು. ಜಗಳ ಆಡಿದ್ದರೆ ಒಳ್ಳೆಯದಿತ್ತು. ಮಾತಿನ ಕೊನೆಯಲ್ಲೆಲ್ಲ 'ನೀವು'. ಮಳೆ ಹಿಡಿಯುವವರೆಗೆ ಹೂವು ಕೊಡುತ್ತೇನೆ ಎಂದು ಮೊದಲೇ ಮಾತು ಕೊಟ್ಟಿದ್ದರು, ಅದರಂತೆ ಜೂನಿನವರೆಗೆ ದಿನವೂ ಲೆಕ್ಕ ಹಾಕಿದರು, ಚೆಂಡಿನ ಮಟ್ಟಿಗೆ ಸರಿಯಾಗಿ. ಆಮೇಲೆ ಅವರ ಹೂವು ಮೊದಲಿನ ಹಾಗೆ ಕಟ್ಟೆಗೇ ಹೋಯಿತು. ನಮ್ಮ ವೆಬ್‌ಸೈಟು ಆ ಮಳೆಗಾಲದಲ್ಲಿ ಮುಚ್ಚಿತು. ಈಗ ಜೊಹರಾ ಬೇರೆಯವರಿಂದ ಹೂವು ತಂದು ವಾಟ್ಸಾಪಿನಲ್ಲಿ ಮಾರುತ್ತಾಳೆ. ದರ ಕೇಳಿದರೆ ಕಟ್ಟೆಯ ದರ ಹೇಳುತ್ತಾಳೆ. ಹೂವು ಎಷ್ಟು ಉಂಟು ಎಂದು ಅವಳು ಯಾರನ್ನೂ ಕೇಳುವುದಿಲ್ಲ. ನಾನು ಇಲ್ಲಿ ಕೂತು ನಿಮಗೆ ಕತೆ ಹೇಳುತ್ತೇನೆ.

ಇಷ್ಟೆಲ್ಲ ಆಗಿ ಮೂರು ವರ್ಷ. ಕಳೆದ ವಾರ ಬಸ್ಸಿನಲ್ಲಿ ಅವರ ಹಿಂದೆ ಕೂತವಳಿಗೆ ತಡೆಯಲಿಕ್ಕಾಗಲಿಲ್ಲ. ಮುಂದೆ ಬಗ್ಗಿ ಕೇಳಿಬಿಟ್ಟೆ.

"ಲೀಲಕ್ಕ, ಹೂವು ಎಷ್ಟು ಉಂಟು?"

ಅವರು ಅರ್ಧ ತಿರುಗಿದರು. "ಮೂರು ಅಟ್ಟೆ, ಎರಡು ಚೆಂಡು. ಉಡುಪಿಯಲ್ಲಿ ತಂಗಿಯ ಮನೆಗೆ ಕೊಡ್ಲಿಕ್ಕೆ ಉಂಟು. ನೀವು ಸೌಖ್ಯ ಅಲ್ವಾ?"

"ಸೌಖ್ಯ," ಎಂದೆ.

ಉದ್ಯಾವರದಲ್ಲಿ ಒಬ್ಬಳು ಹತ್ತಿದಳು. ಯಾರೆಂದು ನನಗೆ ಗೊತ್ತಿಲ್ಲ. ಲೀಲಕ್ಕನ ಪಕ್ಕದಲ್ಲಿ ಧೊಪ್ಪನೆ ಕೂತು, ತೊಡೆಯ ಮೇಲಿನ ಕಟ್ಟು ನೋಡಿ ಕಣ್ಣರಳಿಸಿದಳು. "ಎಂತ ಲೀಲಕ್ಕ, ಇವತ್ತು ರಾಶಿ ಹೂವು ಉಂಟಲ್ಲ!"

ಲೀಲಕ್ಕ ಸೆರಗು ಎಳೆದು ಕಟ್ಟಿನ ಮೇಲೆ ಮುಚ್ಚಿದರು.

"ದಾಲ ಇಜ್ಜಿ ಮಾರಾಯ್ತಿ, ದಾಲ ಇಜ್ಜಿ," ಎಂದು ನಕ್ಕರು. ಆಮೇಲೆ ಸೆರಗಿನ ಒಳಗೇ ಕೈ ಹಾಕಿ, ಒಂದು ಗೇಣು ಹೂವು ಕಿತ್ತು ಅವಳ ಮುಡಿಗೆ ಸಿಕ್ಕಿಸಿದರು.